ಸುಳಿವು ಆಟಗಾರನ ಕೈಗೆ: ಕೊಲೆ ರಹಸ್ಯದ ಗೇಮುಗಳು ನಡೆದುಬಂದ ದಾರಿ

ಬೆಳಗಾವಿಯ ಖಾಸಬಾಗ, ವಡಗಾವಿಯ ಓಣಿಗಳಲ್ಲಿ ಎಷ್ಟೋ ಕಡೆ ಮಗ್ಗ ಮನೆಯೊಳಗೇ ಇರುತ್ತದೆ. ನೂಲು ಸುತ್ತುವುದರಿಂದ ಸೀರೆ ಮಡಿಸುವವರೆಗೆ ಕೆಲಸವೆಲ್ಲ ಮನೆಮಂದಿಯದೇ. ಕಂಪ್ಯೂಟರ್ ಗೇಮುಗಳಲ್ಲೂ ಇಂಥದೊಂದು ಗೃಹೋದ್ಯಮವಿದೆ. ಕಥೆ, ಚಿತ್ರ, ಪ್ರೋಗ್ರಾಂ ಎಲ್ಲವನ್ನೂ ಒಬ್ಬಿಬ್ಬರೇ ಕೂತು ಮಾಡಿ ಮುಗಿಸುವ ಆಟಗಳಿಗೆ ಇಂಡೀ ಗೇಮ್ ಎನ್ನುತ್ತಾರೆ. ಅವುಗಳಲ್ಲಿ ಕೊಲೆ ರಹಸ್ಯದ ಆಟಗಳ ಚರಿತ್ರೆ ವಿಶಿಷ್ಟವಾದದ್ದು. ಅವು ಹುಟ್ಟಿದ್ದು ಮನೆಯಲ್ಲಿ, ಬೆಳೆದದ್ದು ಕಂಪನಿಗಳಲ್ಲಿ, ಈಗ ಮತ್ತೆ ಮನೆಗೆ ಮರಳಿವೆ. ಈ ಸುತ್ತಿನುದ್ದಕ್ಕೂ ಕಾಡಿದ ಪ್ರಶ್ನೆ ಒಂದೇ: ಕೊಲೆಗಾರ ಯಾರೆಂದು ತರ್ಕಿಸಬೇಕಾದವರು ಯಾರು, ಆಟ ಬರೆದವರೋ ಆಡುವವರೋ?

ಕೀಬೋರ್ಡಿನ ಪತ್ತೇದಾರ

ಅಮೆರಿಕದ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ 1980ರಲ್ಲಿ ಆ್ಯಪಲ್ 2 ಕಂಪ್ಯೂಟರಿಗೆಂದು 'ಮಿಸ್ಟರಿ ಹೌಸ್' ಮಾಡಿದರು. ಹೆಂಡತಿ ಕಥೆ ಹೆಣೆದು ಗೆರೆಚಿತ್ರ ಬರೆದರೆ ಗಂಡ ಪ್ರೋಗ್ರಾಂ ಬರೆದ. ಫ್ಲಾಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದರು. ಸಾಹಸದ ಆಟಗಳಿಗೆ ಚಿತ್ರ ಬಂದದ್ದು ಇಲ್ಲಿಂದ.

1982ರ 'ಡೆಡ್‌ಲೈನ್'ನಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಶ್ರೀಮಂತನೊಬ್ಬ ಸತ್ತಿದ್ದಾನೆ, ತನಿಖೆಗೆ ಇರುವುದು 12 ಗಂಟೆ. ಮನೆಯವರು ತಮ್ಮ ಪಾಡಿಗೆ ಓಡಾಡುತ್ತಿರುತ್ತಾರೆ. ಫೋನ್ ಬಂದ ಹೊತ್ತಿಗೆ ನೀವು ಬೇರೆ ಕೋಣೆಯಲ್ಲಿದ್ದರೆ ಆ ಮಾತು ನಿಮ್ಮ ಪಾಲಿಗಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆ ಪ್ರಯೋಗಾಲಯದ ವರದಿ, ಹೇಳಿಕೆಗಳ ದಾಖಲೆ, ಮಾತ್ರೆಗಳ ಪೊಟ್ಟಣವನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಟ್ಟಿದ್ದರು.

ಮರುವರ್ಷ ಜಪಾನಿನ ಯೂಜಿ ಹೋರಿ 'ಪೋರ್ಟೋಪಿಯಾ ಸರಣಿ ಕೊಲೆ ಪ್ರಕರಣ' ರಚಿಸಿದ. ಅಲ್ಲೂ ಆಜ್ಞೆ ಟೈಪ್ ಮಾಡಬೇಕಿತ್ತು. 1985ರಲ್ಲಿ ಅದೇ ಆಟ ಕೀಬೋರ್ಡಿಲ್ಲದ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ ಬಂದಾಗ ಆಜ್ಞೆಗಳ ಪಟ್ಟಿಯಿಂದ ಆರಿಸುವ ಪದ್ಧತಿ ಬಂತು. ಆಡುವುದು ಹಗುರವಾಯಿತು, ತಲೆಗೆ ಕೆಲಸವೂ ತಗ್ಗಿತು. ಇದ್ದಬದ್ದ ಆಯ್ಕೆಗಳನ್ನೆಲ್ಲ ಒತ್ತುತ್ತ ಹೋದರೂ ಕಥೆ ಮುಂದೆ ಸಾಗುತ್ತದೆ. ಮೌಸ್ ಕಾಲದ ಎಷ್ಟೋ ಆಟಗಳಿಗೂ ಇದೇ ರೋಗ ತಗುಲಿತು.

ಮತ್ತೆ ಮನೆಗೆ

ತೊಂಬತ್ತರ ದಶಕದ ಕೊನೆಗೆ ಕಂಪನಿಗಳಿಗೆ ಇಂಥ ಆಟಗಳ ಮೇಲಿನ ಆಸೆ ಬತ್ತಿತು. ಆ ಹೊತ್ತಿಗೆ ಕ್ರಿಸ್ ಜೋನ್ಸ್ ರೂಪಿಸಿದ 'ಅಡ್ವೆಂಚರ್ ಗೇಮ್ ಸ್ಟುಡಿಯೋ' ಎಂಬ ಉಚಿತ ಸಾಧನ ಹವ್ಯಾಸಿಗಳ ಕೈ ಸೇರಿತು. ನ್ಯೂಯಾರ್ಕಿನ ಡೇವ್ ಗಿಲ್ಬರ್ಟ್ 2006ರಲ್ಲಿ ಅದರಿಂದಲೇ 'ದಿ ಶಿವಾ' ಮಾಡಿದ. ಯಹೂದಿ ಪುರೋಹಿತನೊಬ್ಬ ಕೊಲೆಯ ಜಾಡು ಹಿಡಿಯುವ ಈ ಆಟ ಮೊದಲು ತಯಾರಾದದ್ದು ಒಂದು ತಿಂಗಳ ಸ್ಪರ್ಧೆಗಾಗಿ.

ನಿಜವಾದ ತಿರುವು 2015ರದು. ಸ್ಯಾಮ್ ಬಾರ್ಲೋ ಮಾಡಿದ 'ಹರ್ ಸ್ಟೋರಿ'ಯಲ್ಲಿರುವುದು ಒಬ್ಬ ಹೆಂಗಸಿನ ಪೊಲೀಸ್ ವಿಚಾರಣೆಯ ವಿಡಿಯೋ ತುಣುಕುಗಳು. ಹುಡುಕು ಪೆಟ್ಟಿಗೆಯಲ್ಲಿ ಒಂದು ಪದ ಹಾಕಿದರೆ ಅವಳು ಆ ಪದ ಆಡಿದ ತುಣುಕುಗಳಲ್ಲಿ ಮೊದಲ ಐದು ಮಾತ್ರ ಕಾಣುತ್ತವೆ. ಅವಳ ಮಾತಿನಲ್ಲಿ ಸುಳಿದ ಹೆಸರನ್ನೋ ಊರನ್ನೋ ಹಿಡಿದು ಮುಂದಿನ ಹುಡುಕಾಟ. ನೀವು ಗೆದ್ದಿರಿ ಎಂದು ಆಟ ಹೇಳುವುದಿಲ್ಲ. ಏನು ನಡೆಯಿತೆಂದು ನೀವೇ ನಿರ್ಧರಿಸಬೇಕು.

ಲೂಕಾಸ್ ಪೋಪ್‌ನ 'ರಿಟರ್ನ್ ಆಫ್ ದಿ ಓಬ್ರಾ ಡಿನ್' (2018) ಇನ್ನೂ ಬಿಗಿ. ಖಾಲಿ ಹಡಗು, 60 ಮಂದಿ. ಯಾರು ಹೇಗೆ ಸತ್ತರೆಂದು ದಫ್ತರದಲ್ಲಿ ತುಂಬಬೇಕು. ಮೂವರ ಗತಿ ಸರಿಯಾದಾಗಲೇ ಆಟ ಒಪ್ಪುವುದರಿಂದ ಊಹೆ ಹೊಡೆಯುವವರ ಬೇಳೆ ಬೇಯುವುದಿಲ್ಲ. ಲಾಟ್ವಿಯಾದ ಸೋದರರಿಬ್ಬರ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' (2022) ಸಾವಿನ ಗಳಿಗೆಯನ್ನು ತೆರೆದಿಟ್ಟು, ಸಿಕ್ಕ ಪದಗಳಿಂದ ಬಿಟ್ಟ ಸ್ಥಳ ತುಂಬಿಸಿಕೊಳ್ಳುತ್ತದೆ.

ಘಟ್ಟದ ಕೆಳಗಿನ ಆಟ

ಬೆಳಗಾವಿಯಿಂದ ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿಯ ಅರ್ಮಾನ್ ಸಂಧು ಫ್ರಾಸ್ಟ್‌ವುಡ್ ಇಂಟರಾಕ್ಟಿವ್ ಹೆಸರಿನಲ್ಲಿ 2019ರ ಫೆಬ್ರುವರಿಯಲ್ಲಿ 'ರೇನ್‌ಸ್ವೆಪ್ಟ್' ಹೊರತಂದರು. ಪೈನ್‌ವ್ಯೂ ಎಂಬ ಕಲ್ಪಿತ ಪಟ್ಟಣದಲ್ಲಿ ಕ್ರಿಸ್ ಮತ್ತು ಡಯಾನ್ ಜೋಡಿಯ ಶವಗಳು ಸಿಗುತ್ತವೆ. ಒಬ್ಬರು ಇನ್ನೊಬ್ಬರನ್ನು ಕೊಂದು ತಾನೂ ಸತ್ತಿರಬೇಕೆಂದು ಊರು ತೀರ್ಪು ಕೊಟ್ಟಾಗಿದೆ. ನೆರವಿಗೆ ಬಂದ ಪತ್ತೇದಾರ ಮೈಕಲ್ ಸ್ಟೋನ್‌ಗೆ ಅವನದೇ ಹಳೆಯ ಗಾಯಗಳಿವೆ. ಒಗಟುಗಳು ಹಗುರ, ತರ್ಕದ ಬಿಗಿಯಲ್ಲಿ ಇದು ಓಬ್ರಾ ಡಿನ್‌ಗೆ ಸಾಟಿಯಲ್ಲ. ಇದರ ಶಕ್ತಿಯಿರುವುದು ಸತ್ತ ಜೋಡಿಯ ಸಂಬಂಧವನ್ನು ಹಿಂದಕ್ಕೆ ಹೋಗಿ ತೋರಿಸುವ ದೃಶ್ಯಗಳಲ್ಲಿ. ಆದರೆ ನಮ್ಮ ಪಕ್ಕದಲ್ಲೇ ತಯಾರಾದ ಆಟದ ಊರು ಪರದೇಶದ್ದು, ಮಾತು ಇಂಗ್ಲಿಷಿನದು. ಸಂಧು ಅವರ ಮುಂದಿನ ಆಟ 'ಫರ್ಗಾಟನ್ ಫೀಲ್ಡ್ಸ್' (2021) ಕಡಲತೀರದ ಬದುಕಿಗೆ ಹತ್ತಿರವಾಯಿತು, ಅದರಲ್ಲಿ ಕೊಲೆಯಿಲ್ಲ.

ಕನ್ನಡದಲ್ಲಿ ಯಾಕಿಲ್ಲ?

ಆಸಕ್ತಿಗಂತೂ ಬರವಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಒಂದು ತಲೆಮಾರು ಮುಗಿಬಿದ್ದು ಓದಿದೆ. ರೇನ್‌ಸ್ವೆಪ್ಟ್ ಬಂದ ತಿಂಗಳಲ್ಲೇ 'ಬೆಲ್ ಬಾಟಂ' ಎಂಬ ಪತ್ತೇದಾರಿ ಚಿತ್ರ ತೆರೆಕಂಡು ಗೆದ್ದಿತು. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಕಂಪನಿ 1997ರಲ್ಲೇ ಗೇಮ್ ಕೆಲಸ ಶುರುಮಾಡಿತ್ತು, ಅನಿಮೇಷನ್ ಮತ್ತು ಗೇಮಿಂಗ್‌ಗೆ ರಾಜ್ಯದ ನೀತಿ 2012ರಲ್ಲೇ ಬಂದಿದೆ.

ಬಹುಕಾಲ ತಡೆದದ್ದು ಲಿಪಿ. ಆಟ ಕಟ್ಟುವ ಎಷ್ಟೋ ಸಾಧನಗಳಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತಿತ್ತು. 2023ರಲ್ಲಿ ಬಂದ ಗೋಡೋ 4 ಎಂಬ ಉಚಿತ ಸಾಧನ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಬ್ರೌಸರಿನಲ್ಲಿ ನಡೆಯುವ ಟ್ವೈನ್ ಎಂಬ ಸಾಧನಕ್ಕೆ ಈ ತೊಂದರೆ ಮೊದಲಿನಿಂದಲೂ ಇಲ್ಲ. ಮೊಬೈಲಿನಲ್ಲೇ ಆಡಬಹುದಾದ ಆಟ ಬರೆಯಲು ಅದೊಂದೇ ಸಾಕು.

ಈಗಾಗಲೇ ಇರುವ ಆಟಗಳ ಅನುವಾದ ಮಾತ್ರ ಸುಲಭವಲ್ಲ. ಗೋಲ್ಡನ್ ಐಡಲ್‌ನ ಬಿಟ್ಟ ಸ್ಥಳಕ್ಕೆ ಇಂಗ್ಲಿಷಿನ ಹೆಸರು ಇದ್ದಹಾಗೇ ಕೂರುತ್ತದೆ. ಕನ್ನಡದಲ್ಲಿ 'ಶಂಕರ' ಕೂಡಲೇ 'ಶಂಕರನನ್ನು', 'ಶಂಕರನಿಂದ' ಆಗಿ, ಕೊಂದವನು ಯಾರು, ಸತ್ತವನು ಯಾರೆಂದು ಪ್ರತ್ಯಯವೇ ಬಾಯಿಬಿಡುತ್ತದೆ. ಆದ್ದರಿಂದ ಇಂಥ ಆಟವನ್ನು ಮೊದಲ ಸಾಲಿನಿಂದಲೇ ಕನ್ನಡದಲ್ಲಿ ಕಟ್ಟಬೇಕು. ಸುಳಿವು ಬಚ್ಚಿಡುವುದು ಕಾದಂಬರಿಕಾರರ ಹಳೆಯ ವಿದ್ಯೆ. ಪ್ರೋಗ್ರಾಂ ಬಲ್ಲ ಹುಡುಗ-ಹುಡುಗಿಯರು ಈಗ ಊರೂರಲ್ಲಿದ್ದಾರೆ. ಈ ಇಬ್ಬರೂ ಒಂದೇ ಮೇಜಿಗೆ ಬಂದರೆ ಮೊದಲ ಆಟಕ್ಕೆ ಬಂಡವಾಳಗಾರರನ್ನು ಕಾಯಬೇಕಿಲ್ಲ.