ಸ್ಪಿಯರಿನ್ ಪ್ರಕರಣ

ಅಮೇರಿಕ ಸಂಯುಕ್ತ ಸಂಸ್ಥಾನ ವಿರುದ್ಧ ಸ್ಪಿಯರಿನ್ ಎಂಬುದು ಸರ್ಕಾರಿ ಕಟ್ಟಡ ಗುತ್ತಿಗೆಗಳ ಕುರಿತು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1918ರ ಡಿಸೆಂಬರ್ 9ರಂದು ನೀಡಿದ ತೀರ್ಪು. ನಕ್ಷೆಯಲ್ಲಿನ ದೋಷಕ್ಕೆ ಹೊಣೆ ಯಾರು ಎಂಬುದೇ ಇದರ ಮೂಲ ಪ್ರಶ್ನೆ.

ಬ್ರೂಕ್ಲಿನ್ ನೌಕಾನೆಲೆಯಲ್ಲಿ ಹಡಗು ದುರಸ್ತಿಯ ಡ್ರೈ ಡಾಕ್ ಒಂದನ್ನು 7,57,800 ಡಾಲರ್‌ಗಳಿಗೆ ಕಟ್ಟಿಕೊಡಲು ಜಾರ್ಜ್ ಸ್ಪಿಯರಿನ್ 1905ರಲ್ಲಿ ಒಪ್ಪಿದ್ದನು. ನಿವೇಶನದ ಮೂಲಕ ಹಾದಿದ್ದ ಆರು ಅಡಿಯ ಇಟ್ಟಿಗೆ ಚರಂಡಿಯನ್ನು ಸರ್ಕಾರವೇ ಕೊಟ್ಟ ನಕ್ಷೆಯಂತೆ ಆತ ಸ್ಥಳಾಂತರಿಸಿದನು. ಅಧಿಕಾರಿಗಳೂ ಅದನ್ನು ಒಪ್ಪಿಕೊಂಡರು. ಸುಮಾರು ಒಂದು ವರ್ಷದ ಬಳಿಕ ಭಾರೀ ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದು ಚರಂಡಿ ಒಡೆಯಿತು, ಅಗೆದಿದ್ದ ಜಾಗಕ್ಕೆ ನೀರು ನುಗ್ಗಿತು. ಸಮೀಪದ ಏಳು ಅಡಿಯ ಚರಂಡಿಯೊಳಗಿದ್ದ ಅಡ್ಡಗೋಡೆಯೊಂದು ನೀರನ್ನು ಇತ್ತ ತಿರುಗಿಸಿತ್ತು. ಆ ಗೋಡೆ ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಅಲ್ಲಿನ ಚರಂಡಿಗಳು ಹಿಂದೆಯೂ ಉಕ್ಕಿ ಹರಿದಿದ್ದುದು ಸರ್ಕಾರಕ್ಕೆ ತಿಳಿದಿದ್ದರೂ ಗುತ್ತಿಗೆದಾರನಿಗೆ ತಿಳಿಸಿರಲಿಲ್ಲವೆಂಬುದು ಗಮನಾರ್ಹ.

ಸರ್ಕಾರ ಹೊಣೆ ಹೊರುವವರೆಗೆ ಕೆಲಸ ಮುಂದುವರಿಸಲು ಸ್ಪಿಯರಿನ್ ಒಪ್ಪಲಿಲ್ಲ. ನೌಕಾ ಇಲಾಖೆಯು ಗುತ್ತಿಗೆಯನ್ನು ರದ್ದುಗೊಳಿಸಿ, ಬೇರೆಯವರಿಂದ ಬಹಳಷ್ಟು ಬದಲಾದ ನಕ್ಷೆಯಂತೆ ಕಾಮಗಾರಿ ಮುಗಿಸಿತು.

ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್ ಬರೆದ ತೀರ್ಪಿನ ಪ್ರಕಾರ, ಕೆಲಸ ಮಾಡಿಸುವವನು ಒದಗಿಸಿದ ನಕ್ಷೆಯನ್ನು ಅನುಸರಿಸಲು ಬದ್ಧನಾದ ಗುತ್ತಿಗೆದಾರನು ಆ ನಕ್ಷೆಯ ದೋಷಗಳ ಪರಿಣಾಮಕ್ಕೆ ಹೊಣೆಯಲ್ಲ. ನಿವೇಶನವನ್ನು ಪರಿಶೀಲಿಸಬೇಕು, ನಕ್ಷೆಗಳನ್ನು ತಾಳೆನೋಡಬೇಕು ಎಂಬ ಸಾಮಾನ್ಯ ಷರತ್ತುಗಳು ಈ ರಕ್ಷಣೆಯನ್ನು ಕಸಿಯಲಾರವು. ಸ್ಪಿಯರಿನ್‌ಗೆ ಕೈತಪ್ಪಿದ 60,000 ಡಾಲರ್ ಲಾಭವೂ ಸೇರಿ 1,41,180 ಡಾಲರ್ 86 ಸೆಂಟ್ ದೊರೆಯಿತು.

ಈ ನಿಯಮವು ‘ಸ್ಪಿಯರಿನ್ ತತ್ತ್ವ’ವೆಂದು ಪ್ರಸಿದ್ಧವಾಗಿದೆ. ಆದರೆ ಬೇಕಾದ ಫಲಿತಾಂಶವನ್ನಷ್ಟೇ ಸೂಚಿಸಿ ವಿನ್ಯಾಸವನ್ನು ಗುತ್ತಿಗೆದಾರನಿಗೇ ಬಿಟ್ಟ ಕಾಮಗಾರಿಗಳಿಗೆ ಇದು ಸಾಮಾನ್ಯವಾಗಿ ಅನ್ವಯಿಸದು.