ಮಿಶ್ರ ಮೀನು ಸಾಕಣೆ: ಹೊಂದಿಕೆಯಾಗುವ ತಳಿಗಳ ಆಯ್ಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತರು ಮೀನುಮರಿಗಳಿಗೆ ಬೇಡಿಕೆ ಸಲ್ಲಿಸುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು. ಒಂದೇ ಕೊಳದಲ್ಲಿ ಬಿಡುವ ತಳಿಗಳು ಪರಸ್ಪರ ಭಕ್ಷಿಸಬಾರದು ಹಾಗೂ ಒಂದೇ ಆಹಾರಕ್ಕೆ ಪೈಪೋಟಿ ನಡೆಸಬಾರದು.

ತಳಿಗಳು ಮತ್ತು ಪ್ರಮಾಣ

1. ಕಾಟ್ಲಾ: ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ಶೇ. 40.
2. ರೋಹು: ಮಧ್ಯದ ಪದರದಲ್ಲಿ ಮೇಯುತ್ತದೆ. ಶೇ. 30.
3. ಮೃಗಾಲ್: ತಳದಲ್ಲಿನ ಕೊಳೆತ ಸಾವಯವ ವಸ್ತುಗಳನ್ನು ತಿನ್ನುತ್ತದೆ. ಶೇ. 30.

ಸಾಮಾನ್ಯ ಗೆಂಡೆಯೂ ತಳದಲ್ಲಿಯೇ ಮೇಯುವುದರಿಂದ, ಅದನ್ನು ಬಿಡುವುದಾದಲ್ಲಿ ಮೃಗಾಲ್ ಸಂಖ್ಯೆಯನ್ನು ಅಷ್ಟೇ ಕಡಿಮೆ ಮಾಡುವುದು. ಇದು ಮಣ್ಣಿನ ಏರಿಯನ್ನು ಕೊರೆಯುತ್ತದೆ. ಜಲಸಸ್ಯಗಳಿದ್ದಲ್ಲಿ ಮಾತ್ರ ಕೆಲವು ಹುಲ್ಲುಗೆಂಡೆಗಳನ್ನು ಸೇರಿಸಬಹುದು.

ಹೆಕ್ಟೇರಿಗೆ ಸುಮಾರು 5,000 ಬಲಿತ ಮರಿಗಳು ಸಾಕು. ಅದರಂತೆ 10 ಗುಂಟೆಯ ಕೊಳಕ್ಕೆ ಸುಮಾರು 500 ಮರಿಗಳು: ಕಾಟ್ಲಾ 200, ರೋಹು 150, ಮೃಗಾಲ್ 150.

ನೀರಿನ ಸೌಲಭ್ಯ

ಕನಿಷ್ಠ 5 ಅಡಿ ನೀರು 8ರಿಂದ 10 ತಿಂಗಳು ನಿಲ್ಲುವಂತಿರಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಕೃಷಿಹೊಂಡಗಳು ಬೇಗನೆ ಬತ್ತುವುದಾದಲ್ಲಿ, ದೊಡ್ಡ ಗಾತ್ರದ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಬಿಡುವುದು ಸೂಕ್ತ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಪಡೆಯುವವರು ಒಳಹರಿವಿಗೆ ಜಾಲರಿ ಅಳವಡಿಸತಕ್ಕದ್ದು. ಇಲ್ಲವಾದಲ್ಲಿ ಕೊರವ, ಬಾಳೆಮೀನುಗಳು ಒಳಸೇರಿ ಮರಿಗಳನ್ನು ತಿಂದು ಹಾಕುತ್ತವೆ. ಕೀಟನಾಶಕ ಸಿಂಪಡಿಸಿದ ಭತ್ತದ ಗದ್ದೆಯ ಬಸಿನೀರನ್ನು ಕೊಳಕ್ಕೆ ಬಿಡಬಾರದು.

ನಿಷೇಧ

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರವು 2000ರಲ್ಲಿಯೇ ನಿಷೇಧಿಸಿದೆ. ಇದು ಕೊಳದಿಂದ ತಪ್ಪಿಸಿಕೊಂಡು ಕೆರೆ, ಹೊಳೆ ಸೇರಿದರೆ ಸ್ಥಳೀಯ ಮೀನುಗಳನ್ನು ಭಕ್ಷಿಸುತ್ತದೆ.

ಕೊಳದ ವಿಸ್ತೀರ್ಣ, ಆಳ ಮತ್ತು ನೀರು ನಿಲ್ಲುವ ತಿಂಗಳುಗಳ ವಿವರದೊಂದಿಗೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸುವುದು.