ಹಬ್ಬದ ಕಟ್ಟಿನ ಸಾರು: ಅದರ ಹಿಂದಿನ ಚರಿತ್ರೆ



ಹೋಳಿಗೆಯ ಹಿರಿಮೆಯನ್ನು ಹೊಗಳಿದವರು ಬಹಳ ಜನ. ಅದರ ಜೊತೆಗೇ ಹುಟ್ಟುವ ಕಟ್ಟಿನ ಸಾರನ್ನು ಇತಿಹಾಸದ ವಿಷಯವೆಂದು ಎಣಿಸುವವರು ಮಾತ್ರ ವಿರಳ. ನಮ್ಮ ಬೋರಗಾಂವದಂತಹ ಗಡಿನಾಡಿನ ಊರಿನಲ್ಲಿ ಹೋಳಿ, ಯುಗಾದಿ, ಬಸವ ಜಯಂತಿ, ಕಾರಹುಣ್ಣಿಮೆಗಳಂದು ಕುದಿಯುವ ಈ ಸಾರಿನಲ್ಲಿ, ನಾನು ತರಗತಿಯಲ್ಲಿ ಬೋಧಿಸಿದ ಎಷ್ಟೋ ಪಾಠಗಳು ಅಡಗಿವೆ.

ಮೊದಲು ಹೆಸರನ್ನೇ ನೋಡೋಣ. ಕಡಲೆಬೇಳೆ ಬೆಂದ ಮೇಲೆ ಬಸಿದು ತೆಗೆದ ನೀರೇ ಕಟ್ಟು. ಮರಾಠಿ ಮನೆಗಳಲ್ಲಿ ಅದು 'ಕಟ', ಸಾರು 'ಕಟಾಚಿ ಆಮಟಿ'. ಯಾರು ಯಾರಿಂದ ಪಡೆದರೆಂದು ವಾದಿಸುವವರು ವಾದಿಸಲಿ. 1956ರಲ್ಲಿ ಈ ಭಾಗವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಸೊಸೆಯಂದಿರು ಮಾತ್ರ ಎರಡೂ ಕಡೆಯಿಂದ ಬರುತ್ತಲೇ ಇದ್ದರು, ಸಾರಿನ ಹದವೂ ಅವರೊಡನೆ ಬಂದಿತು. ನಮ್ಮ ಕಾರಹುಣ್ಣಿಮೆಯನ್ನು ಗಡಿಯಾಚೆ ಇಂದಿಗೂ 'ಕರ್ನಾಟಕಿ ಬೇಂದೂರ' ಎನ್ನುತ್ತಾರೆ!

ಇನ್ನು ಖಾರದ ವಿಚಾರ. ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಸು. 1025), ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (ಸು. 1129), ಮೂರನೆಯ ಮಂಗರಸನ 'ಸೂಪಶಾಸ್ತ್ರ' (16ನೆಯ ಶತಮಾನದ ಆರಂಭ), ಈ ಮೂರರಲ್ಲೂ ಅಡುಗೆಯ ವಿವರಗಳಿವೆ, ಕೆಂಪು ಮೆಣಸಿನಕಾಯಿ ಒಂದರಲ್ಲೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಅದು ಅಮೆರಿಕ ಖಂಡದ ಬೆಳೆ. ಬಿಜಾಪುರದ ಆದಿಲಶಾಹಿಗಳಿಂದ 1510ರಲ್ಲಿ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸರ ಮೂಲಕ ಅದು ಆ ಶತಮಾನದಲ್ಲಿ ಇಲ್ಲಿಗೆ ಬಂದಿತು. (ನಿಪ್ಪಾಣಿಗೆ ಹೆಸರು ತಂದ ತಂಬಾಕೂ ಅಮೆರಿಕದ ಬೆಳೆಯೇ.) ಇದಕ್ಕೆ ನಮ್ಮ ನುಡಿಯೇ ಸಾಕ್ಷಿ. ಹಿಂದೆ ಮೆಣಸು ಎಂದರೆ ಮಲೆನಾಡಿನ ಕಪ್ಪು ಕಾಳು ಮಾತ್ರ. ಹೊಸ ಕಾಯಿಗೆ ಜನ ಆ ಹೆಸರನ್ನೇ ಎರವಲು ಕೊಟ್ಟು ಮೆಣಸಿನಕಾಯಿ ಎಂದರು. ಮನೆಯೊಡತಿಯಾಗಿದ್ದ ಮೆಣಸು ಪಾಪ, ತನ್ನ ಗುರುತಿಗಾಗಿ ಕರಿಮೆಣಸು, ಕಾಳುಮೆಣಸು ಎನಿಸಿಕೊಳ್ಳಬೇಕಾಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ಮೆಕ್ಸಿಕೋ ಮತ್ತು ಮನಿಲಾಗಳ ನಡುವೆ 1565ರಿಂದ 1815ರವರೆಗೆ ಓಡಾಡಿದ ಸ್ಪೇನ್ ದೇಶದ ಹಡಗುಗಳು ಅಮೆರಿಕದ ಬೆಳೆಗಳನ್ನು ಫಿಲಿಪ್ಪೀನ್ಸಿಗೂ ಮುಟ್ಟಿಸಿದವು. ಅಲ್ಲಿಯವರು ಹಬ್ಬ, ಮದುವೆಗಳಿಗೆ ಮೇಕೆಯ ಮಾಂಸ, ಟೊಮೇಟೊ, ಮೆಣಸಿನಕಾಯಿ ಹಾಕಿ 'ಕಲ್ದೆರೇತಾ' ಎಂಬ ಗಟ್ಟಿ ಸಾರನ್ನು ಬೇಯಿಸುತ್ತಾರೆ. ಹಂಡೆ ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದ ಹೆಸರದು. ಅವರೂ ಅದನ್ನು ತಮ್ಮ ಹಿರಿಯರ ಅಡುಗೆಯೆಂದೇ ನಂಬುತ್ತಾರೆ, ನಂಬುವುದರಲ್ಲಿ ತಪ್ಪೇನಿದೆ? ನಾಲ್ಕು ನೂರು ವರ್ಷ ಅಡುಗೆಮನೆಯಲ್ಲಿದ್ದದ್ದು ಮನೆಯದೇ ಅಲ್ಲವೇ.

ನಮ್ಮ ಭಾಗದ ಸಾರಿನ ಜೀವವು ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಡುವ ಮಸಾಲೆ ಖಾರದಲ್ಲಿದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಸಂಕೇಶ್ವರಿ. ಹಬ್ಬದ ದಿನ ಉಳ್ಳಾಗಡ್ಡಿ, ಒಣ ಕೊಬ್ಬರಿಗಳನ್ನು ಸುಟ್ಟು, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ, ಲವಂಗ, ಚಕ್ಕೆಗಳೊಡನೆ ರುಬ್ಬಬೇಕು. ಕರಿಬೇವಿನ ಒಗ್ಗರಣೆಯಲ್ಲಿ ಅದನ್ನು ಎಣ್ಣೆ ಬಿಡುವವರೆಗೆ ಹುರಿದು, ಮಸಾಲೆ ಖಾರ, ಕಟ್ಟು, ಹುಣಸೆ ರಸ ಸೇರಿಸಿ, ಕೊನೆಗೆ ಒಂದು ಮುಷ್ಟಿ ಹೂರಣವನ್ನು ಕದಡಬೇಕು. ಆ ಸಿಹಿಯಿಲ್ಲದಿದ್ದರೆ ಅದು ಬರಿಯ ಖಾರದ ನೀರು. ನಮ್ಮೂರ ಅನೇಕ ಜೈನ ಮನೆಗಳಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆಯೇ ಇದನ್ನು ಮಾಡುತ್ತಾರೆ. ಕೊಬ್ಬರಿಯನ್ನು ಹುರಿಯುವ ಹದದಿಂದಲೇ ಅವರು ರುಚಿ ತರುವ ರೀತಿ ಮೆಚ್ಚತಕ್ಕದ್ದು.

ಬೇಳೆ ಬೆಂದ ನೀರನ್ನು ಚೆಲ್ಲಲಾರದ ಬಡತನದಿಂದಲೇ ಈ ಸಾರು ಹುಟ್ಟಿರಬೇಕೆಂದು ನನ್ನ ಎಣಿಕೆ. 1972ರ ಬರಗಾಲದ ನಂತರದ ಯುಗಾದಿಯಲ್ಲಿ ನಮ್ಮ ಅವ್ವ ಹೋಳಿಗೆಗಳನ್ನು ಎಣಿಸಿ ಬಡಿಸಿದಳು, ತಲೆಗೆ ಎರಡು. ಸಾರಿಗೆ ಮಾತ್ರ ಲೆಕ್ಕವಿರಲಿಲ್ಲ. ಅವಳು ಹೋಳಿಗೆಯನ್ನು ತಿಂದಳೋ ಇಲ್ಲವೋ ಎಂದು ನಾವು ಮಕ್ಕಳು ಕೇಳಲಿಲ್ಲ.

ಈಗ ಪೊಟ್ಟಣದ ಮಸಾಲೆ ಬಂದಿದೆ. ಪುಣೆ, ಬೆಂಗಳೂರುಗಳಲ್ಲಿರುವ ನಮ್ಮ ಹೆಣ್ಣುಮಕ್ಕಳು ಅದರಿಂದಲೇ ಮಾಡಿದರೂ ಅಡ್ಡಿಯಿಲ್ಲ. ಹೂರಣವನ್ನು ಮಾತ್ರ ಮರೆಯಬಾರದು. ಸಾರನ್ನು ಸ್ವಲ್ಪ ಹೆಚ್ಚಾಗಿಯೇ ಮಾಡಿರಿ. ಮರುದಿನ ಮತ್ತೆ ಕುದಿಸಿ, ಬಿಸಿ ಜೋಳದ ರೊಟ್ಟಿಯನ್ನು ಮುರಿದು ಅದರಲ್ಲಿ ನೆನೆಸಿ ಉಣ್ಣಬೇಕು.